ಉಗುರುಬೆಚ್ಚಗೆ ಅಂದರೆ ಎಷ್ಟು ಬಿಸಿ? ಹೆಪ್ಪಿನಿಂದ ಹಂಡೆಯವರೆಗೆ ಒಂದು ಸಮಗ್ರ ಮಾರ್ಗದರ್ಶಿ

"ಹಾಲು ಉಗುರುಬೆಚ್ಚಗಿರಬೇಕು ಕಣಮ್ಮ, ಆಗ ಹೆಪ್ಪು ಹಾಕು." ದಾವಣಗೆರೆಯಿಂದ ಅಮ್ಮ ಫೋನಿನಲ್ಲಿ ಹೇಳಿದ್ದು ಇಷ್ಟೇ. ನಾನು ಬೆಂಗಳೂರಿಗೆ ಬಂದ ಮೊದಲ ಡಿಸೆಂಬರ್ ಅದು. ಹಾಗೇ ಮಾಡಿದೆ. ಬೆಳಿಗ್ಗೆ ನೋಡಿದರೆ ಪಾತ್ರೆಯಲ್ಲಿ ಮೊಸರಿಲ್ಲ, ಲೋಳೆ ಲೋಳೆ ಹಾಲು. ಚಮಚ ಎತ್ತಿದರೆ ನೂಲಿನ ಹಾಗೆ ಎಳೆ ಬರುತ್ತಿತ್ತು. ಮರುದಿನ ಹಾಲು ಇನ್ನೂ ಸ್ವಲ್ಪ ಜಾಸ್ತಿ ಬಿಸಿ ಇದ್ದಾಗಲೇ ಹೆಪ್ಪು ಹಾಕಿದೆ. ಅವತ್ತು ನೀರೇ ಬೇರೆ, ಗಟ್ಟಿಯೇ ಬೇರೆ.

ಅಮ್ಮ ಹೇಳಿದ್ದು ಸರಿಯಾಗಿಯೇ ಇತ್ತು. ಅವಳ ಬೆರಳಿಗೆ ಮೂವತ್ತು ವರ್ಷದ ಅಭ್ಯಾಸವಿತ್ತು, ಅವಳ ಅಡುಗೆಮನೆಯೂ ಬೆಚ್ಚಗಿರುತ್ತಿತ್ತು. ನನಗೆ ಎರಡೂ ಇರಲಿಲ್ಲ. ಆಮೇಲೆ ಒಂದು ಅಡುಗೆ ಥರ್ಮಾಮೀಟರ್ ತಂದೆ. ಪ್ರತಿ ಸಲ ಮೊದಲು ಬೆರಳಿನಲ್ಲಿ ಊಹೆ, ಆಮೇಲೆ ಥರ್ಮಾಮೀಟರಿನಲ್ಲಿ ಅಳತೆ. ಎರಡು ತಿಂಗಳಲ್ಲಿ ಬೆರಳೇ ಸರಿಯಾಗಿ ಹೇಳತೊಡಗಿತು. ಮೊಸರು, ಹಿಟ್ಟು, ದೋಸೆ, ಪಾಕ, ಸ್ನಾನದ ನೀರು, ಪ್ರತಿಯೊಂದಕ್ಕೂ ಅದರದೇ ಒಂದು ಬಿಸಿ ಇದೆ. ಅದು ಕೈಗೆ ಗೊತ್ತಾದ ಮೇಲೆ ನನ್ನ ಅಡುಗೆಮನೆಯಲ್ಲಿ ಕೆಡುವುದು ಬಹಳ ಕಡಿಮೆಯಾಯಿತು. ಆ ಅಳತೆಗಳನ್ನೇ ಇಲ್ಲಿ ಬರೆಯುತ್ತಿದ್ದೇನೆ. ಡಿಗ್ರಿ ಎಂದಲ್ಲೆಲ್ಲ ಸೆಲ್ಸಿಯಸ್ ಎಂದು ಓದಿಕೊಳ್ಳಿ.

ಮೊದಲು ಕೈಗೆ ಅಳತೆ ಕಲಿಸಿ

ಸ್ಟೀಲ್ ಕಡ್ಡಿ ಇರುವ ಡಿಜಿಟಲ್ ಅಡುಗೆ ಥರ್ಮಾಮೀಟರ್ ತೆಗೆದುಕೊಳ್ಳಿ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಬೇಡವೇ ಬೇಡ. ಅದರ ಅಳತೆ 42 ಡಿಗ್ರಿಯ ಆಸುಪಾಸಿಗೆ ಮುಗಿಯುತ್ತದೆ. ಗಾಜಿನದಾದರೆ ಬಿಸಿ ಹಾಲಿನಲ್ಲಿ ಒಡೆದೇ ಹೋಗಬಹುದು.

1. ಒಂದು ಲೋಟದ ತುಂಬ ಐಸ್ ಚೂರು ಹಾಕಿ, ಅದು ಮುಳುಗುವಷ್ಟು ಮಾತ್ರ ನೀರು ಹಾಕಿ ಕಲಕಿ. ಎರಡು ನಿಮಿಷ ಬಿಟ್ಟು ಕಡ್ಡಿ ಇಡಿ. 0 ಅಥವಾ ಅದರ ಹತ್ತಿರ ತೋರಿಸಬೇಕು.

2. ಈಗ ಕೊತಕೊತ ಕುದಿಯುವ ನೀರಿನಲ್ಲಿ ಇಡಿ, ಕಡ್ಡಿ ಪಾತ್ರೆಯ ತಳಕ್ಕೆ ತಾಗಬಾರದು. ಮಂಗಳೂರಿನಲ್ಲಿದ್ದರೆ 100 ತೋರಿಸುತ್ತದೆ. ಬೆಂಗಳೂರಿನಲ್ಲಿ 97ರ ಹತ್ತಿರ, ಮಡಿಕೇರಿಯಲ್ಲಿ 96ರ ಹತ್ತಿರ ನಿಲ್ಲುತ್ತದೆ. ಥರ್ಮಾಮೀಟರ್ ಕೆಟ್ಟಿದೆ ಅಂದುಕೊಳ್ಳಬೇಡಿ. ಸಮುದ್ರಮಟ್ಟದಿಂದ ಮೇಲೆ ಹೋದ ಹಾಗೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ, ನೀರು ಬೇಗ ಕುದಿಯುತ್ತದೆ. ಸುಮಾರು 300 ಮೀಟರ್ ಏರಿದರೆ ಒಂದು ಡಿಗ್ರಿ ಕಡಿಮೆ ಎಂದು ಲೆಕ್ಕ.

3. ಒಂದು ಬಟ್ಟಲಿನಲ್ಲಿ ಬಿಸಿನೀರು, ತಣ್ಣೀರು ಬೆರೆಸಿ 37 ಡಿಗ್ರಿಗೆ ತನ್ನಿ. ಮುಂಗೈಯ ಒಳಭಾಗಕ್ಕೆ ಒಂದು ಹನಿ ಬಿಟ್ಟುಕೊಳ್ಳಿ. ಬಿಸಿಯೂ ಅನ್ನಿಸುವುದಿಲ್ಲ, ತಂಪೂ ಅನ್ನಿಸುವುದಿಲ್ಲ. ನಮ್ಮ ಮೈಯ ಬಿಸಿಯೂ ಅಷ್ಟೇ, ಅದಕ್ಕೇ ಹಾಗೆ. ಮಗುವಿನ ಹಾಲಿಗೆ, ಮಗುವಿನ ಸ್ನಾನಕ್ಕೆ ಇದೇ ಅಳತೆ.

4. ಇನ್ನಷ್ಟು ಬಿಸಿನೀರು ಸೇರಿಸಿ 40ಕ್ಕೆ ತನ್ನಿ. ತೊಳೆದ ಕಿರುಬೆರಳನ್ನು ಉಗುರು ಮುಳುಗುವಷ್ಟು ಅದ್ದಿ. ಹಿತವಾದ ಬಿಸಿ ತಾಗುತ್ತದೆ, ಎಷ್ಟು ಹೊತ್ತಾದರೂ ಇಟ್ಟಿರಬಹುದು. ನನ್ನ ಲೆಕ್ಕದಲ್ಲಿ ಉಗುರುಬೆಚ್ಚಗೆ ಅಂದರೆ ಇದು.

5. 45ಕ್ಕೆ ತಂದರೆ ಬಿಸಿ ಅಂತ ಸ್ಪಷ್ಟವಾಗಿ ಗೊತ್ತಾಗುತ್ತದೆ. ಹತ್ತು ಎಣಿಸುವವರೆಗೆ ಬೆರಳು ತಡೆದುಕೊಳ್ಳುತ್ತದೆ. 50 ದಾಟಿದರೆ ಬೆರಳು ತಾನೇ ಹಿಂದಕ್ಕೆ ಬರುತ್ತದೆ. ಅಲ್ಲಿಂದ ಮೇಲೆ ಬೆರಳಿನ ಕೆಲಸ ಮುಗಿಯಿತು, ಕಣ್ಣು ಕಿವಿಯಿಂದ ಅಳೆಯಬೇಕು.

ಚಳಿಯಲ್ಲಿ ತಣ್ಣೀರು ಮುಟ್ಟಿ ಬಂದ ಕೈಗೆ 37 ಡಿಗ್ರಿಯೂ ಬಿಸಿಯಾಗಿ ಕಾಣುತ್ತದೆ. ಪಾತ್ರೆ ತೊಳೆದ ತಕ್ಷಣ ಹಾಲು ಮುಟ್ಟಿ ನೋಡಿದರೆ ಕೈ ಸುಳ್ಳು ಹೇಳುತ್ತದೆ. ಒಂದೆರಡು ನಿಮಿಷ ಕೈ ಒರೆಸಿಕೊಂಡು ಇದ್ದು ನೋಡಿ.

ಗಡ್ಡೆ ಮೊಸರಿಗೆ

ಹಾಲನ್ನು ಉಕ್ಕಿಸಿ ಇಳಿಸಿದರೆ ಮೊಸರು ಆಗುತ್ತದೆ, ಆದರೆ ನೀರು ನೀರಾಗಿರುತ್ತದೆ. ಉಕ್ಕು ಬಂದ ಮೇಲೆ ಉರಿ ಸಣ್ಣ ಮಾಡಿ, ಸೌಟಿನಿಂದ ಆಗಾಗ ಕಲಕುತ್ತಾ ಐದರಿಂದ ಹತ್ತು ನಿಮಿಷ ಬಿಡಿ. 80-90 ಡಿಗ್ರಿಯಲ್ಲಿ ಸ್ವಲ್ಪ ಹೊತ್ತು ಇದ್ದಾಗ ಹಾಲಿನ ಒಂದು ಬಗೆಯ ಪ್ರೋಟೀನ್ ಬಿಚ್ಚಿಕೊಂಡು, ಮುಂದೆ ಮೊಸರಾಗುವಾಗ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಗಟ್ಟಿ ಮೊಸರಿನ ಗುಟ್ಟು ಅರ್ಧ ಇಲ್ಲೇ ಇದೆ.

ಇನ್ನರ್ಧ ಗುಟ್ಟು ಆರಿಸುವುದರಲ್ಲಿದೆ. ಹೆಪ್ಪಿನಲ್ಲಿರುವ ಬ್ಯಾಕ್ಟೀರಿಯಾಗಳಿಗೆ 40ರಿಂದ 43 ಡಿಗ್ರಿ ಬಹಳ ಇಷ್ಟ. 50 ದಾಟಿದರೆ ಸೊರಗುತ್ತವೆ, ಇನ್ನೂ ಮೇಲೆ ಹೋದರೆ ಸಾಯುತ್ತವೆ. ತಣ್ಣಗಿದ್ದರೆ ಕೆಲಸ ನಿಧಾನ, ಅಷ್ಟರಲ್ಲಿ ಬೇರೆ ಜೀವಿಗಳು ಸೇರಿಕೊಂಡು ಮೊಸರು ಲೋಳೆಯಾಗುತ್ತದೆ. ನನ್ನ ಮೊದಲ ದಿನದ ಪಾತ್ರೆಯಲ್ಲಿ ಆದದ್ದು ಅದೇ.

ಬೇಸಿಗೆಯಲ್ಲಿ ಹಾಲು 38-40ಕ್ಕೆ ಇಳಿದಾಗ ಹೆಪ್ಪು ಹಾಕಿ. ಅರ್ಧ ಲೀಟರಿಗೆ ಒಂದು ಟೀ ಚಮಚ ಸಾಕು. ಐದಾರು ಗಂಟೆಯಲ್ಲಿ ಹೆಪ್ಪುಗಟ್ಟುತ್ತದೆ. ಚಳಿಗಾಲದಲ್ಲಿ 44-45 ಇದ್ದಾಗಲೇ ಹಾಕಿ, ಎರಡು ಚಮಚ ಹಾಕಿ. ಯಾಕೆಂದರೆ ಪಾತ್ರೆ ಸುತ್ತಲಿನ ಚಳಿಗೆ ಬೇಗ ಆರುತ್ತದೆ. ಹೆಪ್ಪನ್ನು ಮೊದಲು ಎರಡು ಚಮಚ ಹಾಲಿನಲ್ಲಿ ಕದಡಿಕೊಂಡು ಆಮೇಲೆ ಪೂರ್ತಿ ಹಾಲಿಗೆ ಬೆರೆಸಿ. ಫ್ರಿಜ್‌ನಿಂದ ಈಗಷ್ಟೇ ತೆಗೆದ ಹೆಪ್ಪಾದರೆ ಅರ್ಧ ಗಂಟೆ ಹೊರಗಿಟ್ಟಿರಿ.

ಪಾತ್ರೆಯನ್ನು ದಪ್ಪ ಟವೆಲಿನಲ್ಲಿ ಸುತ್ತಿ ಹಾಟ್‌ಬಾಕ್ಸ್ ಒಳಗಿಡಿ. ಅಥವಾ ಹಿಟ್ಟಿನ ಡಬ್ಬದ ಪಕ್ಕ, ಗಾಳಿ ಆಡದ ಕಪಾಟಿನ ಮೂಲೆಯಲ್ಲಿಡಿ. ನಡುವೆ ಅಲ್ಲಾಡಿಸಿ ನೋಡುವ ಆಸೆ ಬರುತ್ತದೆ, ತಡೆದುಕೊಳ್ಳಿ. ಚಳಿಯಲ್ಲಿ ಎಂಟರಿಂದ ಹತ್ತು ಗಂಟೆ ಬೇಕು. ಪಾತ್ರೆ ಸ್ವಲ್ಪ ಓರೆ ಮಾಡಿದಾಗ ಮೊಸರು ಅಂಚಿನಿಂದ ಒಂದೇ ಗಡ್ಡೆಯಾಗಿ ಬಿಟ್ಟುಕೊಂಡರೆ ಆಯಿತು, ತಕ್ಷಣ ಫ್ರಿಜ್‌ಗೆ. ಇನ್ನೂ ಹೊರಗಿದ್ದರೆ ಹುಳಿ ಏರುತ್ತಲೇ ಹೋಗುತ್ತದೆ.

ಚಳಿಯಲ್ಲಿ ಇಡ್ಲಿ ಹಿಟ್ಟು ಉಬ್ಬಬೇಕಾದರೆ

ಬೆಂಗಳೂರಿನ ಜನವರಿ ರಾತ್ರಿ 15-16 ಡಿಗ್ರಿಗೆ ಇಳಿಯುತ್ತದೆ. ಇಡ್ಲಿ ಹಿಟ್ಟಿಗೆ ಬೇಕಾದದ್ದು 28ರಿಂದ 32. ಈ ಅಂತರವನ್ನು ನಾವು ತುಂಬಬೇಕು, ಅಷ್ಟೇ. ಸೋಡಾ ಹಾಕಿ ಉಬ್ಬಿಸಿದರೆ ಇಡ್ಲಿ ಮೆತ್ತಗಾಗಬಹುದು, ಆದರೆ ಹುದುಗಿದ ಹಿಟ್ಟಿನ ಆ ಹದವಾದ ಹುಳಿ, ಆ ಪರಿಮಳ ಬರುವುದಿಲ್ಲ.

ಮೊದಲ ಎಚ್ಚರ ರುಬ್ಬುವಾಗ. ಮಿಕ್ಸಿಯ ಬ್ಲೇಡ್ ತಿರುಗುತ್ತಾ ಹಿಟ್ಟನ್ನು ಕಾಯಿಸುತ್ತದೆ. ನಿಲ್ಲಿಸದೆ ರುಬ್ಬಿದರೆ ಜಾರ್ ಕೈಗೆ ಬಿಸಿಯಾಗಿ ತಾಗುತ್ತದಲ್ವಾ? ಹಿಟ್ಟಿನಲ್ಲಿರುವ ಬ್ಯಾಕ್ಟೀರಿಯಾಗಳು ಉದ್ದಿನ ಬೇಳೆಯ ಜೊತೆಗೇ ಬಂದವು, ಅವಕ್ಕೆ ಅಷ್ಟು ಬಿಸಿ ಆಗದು. ಬೇಸಿಗೆಯಲ್ಲಿ ತಣ್ಣೀರು ಹಾಕಿ, ನಿಲ್ಲಿಸಿ ನಿಲ್ಲಿಸಿ ರುಬ್ಬಿ. ಚಳಿಯಲ್ಲಿ ಸಾಮಾನ್ಯ ನೀರೇ ಸಾಕು, ಕೊನೆಯ ಸುತ್ತಿಗೆ ಉಗುರುಬೆಚ್ಚಗಿನ ನೀರು ಹಾಕಬಹುದು. ಗ್ರೈಂಡರಿನ ಕಲ್ಲು ನಿಧಾನ ತಿರುಗುವುದರಿಂದ ಅದರಲ್ಲಿ ಈ ತೊಂದರೆ ಕಡಿಮೆ.

ಅಕ್ಕಿ ಮತ್ತು ಉದ್ದು ಬೆರೆಸುವಾಗ ಕೈಯಿಂದಲೇ ಚೆನ್ನಾಗಿ ಕಲಸಿ, ಪಾತ್ರೆಯ ಅರ್ಧದಷ್ಟೇ ತುಂಬಿಸಿ. ಆಮೇಲೆ ಹೀಗೆ ಮಾಡಿ:

1. ಹಿಟ್ಟಿನ ಪಾತ್ರೆಗಿಂತ ದೊಡ್ಡ ಒಂದು ದಬರಿಯಲ್ಲಿ 45 ಡಿಗ್ರಿಯ ನೀರು ಹಾಕಿ. ಬೆರಳು ಹತ್ತು ಎಣಿಸುವವರೆಗೆ ತಡೆಯುವ ಬಿಸಿ.

2. ಹಿಟ್ಟಿನ ಪಾತ್ರೆಯನ್ನು ಅದರೊಳಗೆ ಇಳಿಸಿ. ನೀರು ಹಿಟ್ಟಿನ ಮಟ್ಟದ ಅರ್ಧಕ್ಕೆ ಬಂದರೆ ಸಾಕು.

3. ಹತ್ತು ನಿಮಿಷ ಬಿಟ್ಟು ಹಿಟ್ಟನ್ನು ಒಮ್ಮೆ ಕಲಸಿ, ನಡುವೆ ಕಡ್ಡಿ ಇಟ್ಟು ನೋಡಿ. 30ರ ಹತ್ತಿರ ಬಂದಿರಬೇಕು.

4. ಮುಚ್ಚಳ ಮುಚ್ಚಿ, ದಬರಿ ಸಮೇತ ಹಳೆಯ ಕಂಬಳಿ ಹೊದಿಸಿ. ಮಲಗುವ ಮುಂಚೆ ನೀರು ಆರಿದ್ದರೆ ಅರ್ಧ ನೀರು ತೆಗೆದು ಬಿಸಿನೀರು ಸೇರಿಸಿ.

ಓವನ್ ಇದ್ದರೆ ಇನ್ನೂ ಸುಲಭ. ಓವನ್ ಹಚ್ಚಬೇಡಿ, ಒಳಗಿನ ದೀಪ ಮಾತ್ರ ಹಚ್ಚಿ, ಹಿಟ್ಟು ಒಳಗಿಟ್ಟು ಬಾಗಿಲು ಮುಚ್ಚಿ. ಆ ಸಣ್ಣ ಬಲ್ಬಿನ ಶಾಖವೇ ಒಳಗೆ ಬೆಚ್ಚಗಿಡುತ್ತದೆ. ಎಲ್‌ಇಡಿ ದೀಪವಾದರೆ ಅಷ್ಟು ಶಾಖ ಬರುವುದಿಲ್ಲ, ಅದರ ಬದಲು ಒಂದು ಪಾತ್ರೆ ಬಿಸಿನೀರು ಪಕ್ಕದಲ್ಲಿಡಿ.

ಗಡಿಯಾರ ನೋಡಬೇಡಿ, ಹಿಟ್ಟು ನೋಡಿ. ಹಿಟ್ಟು ಹಾಕಿದ ಮಟ್ಟಕ್ಕೆ ಪಾತ್ರೆಯ ಹೊರಗೆ ಒಂದು ರಬ್ಬರ್ ಬ್ಯಾಂಡ್ ಹಾಕಿಡಿ. ಅದರ ಎರಡರಷ್ಟು ಏರಿ, ಮೇಲೆ ಗುಳ್ಳೆಗಳ ಸಣ್ಣ ತೂತು ಕಂಡು, ಸೌಟು ಹಾಕಿದರೆ ನೊರೆಯ ಹಾಗೆ 'ಪುಸ್' ಎಂದು ಕುಸಿದರೆ ಆಯಿತು. ಕರಾವಳಿಯ ಮೇ ತಿಂಗಳಲ್ಲಿ ಇದಕ್ಕೆ ಐದಾರು ಗಂಟೆ ಸಾಕಾಗಬಹುದು, ಬೆಂಗಳೂರಿನ ಜನವರಿಯಲ್ಲಿ ಹನ್ನೆರಡು ಗಂಟೆ ದಾಟಬಹುದು. ಉಬ್ಬಿದ ಮೇಲೆ ಫ್ರಿಜ್‌ನಲ್ಲಿಟ್ಟರೂ ಹುಳಿಯಾಗುವುದು ಪೂರ್ತಿ ನಿಲ್ಲುವುದಿಲ್ಲ, ನಿಧಾನವಾಗುತ್ತದೆ ಅಷ್ಟೇ.

ಕಾವಲಿಯ ಮೇಲಿನ ನೀರಹನಿ

ಮೊದಲ ದೋಸೆ ಯಾವಾಗಲೂ ಕೆಡುತ್ತದೆ ಎಂದು ಬಹಳ ಜನ ಒಪ್ಪಿಕೊಂಡುಬಿಟ್ಟಿದ್ದಾರೆ. ಕಾವಲಿಯ ಬಿಸಿ ನೋಡಿಕೊಂಡರೆ ಮೊದಲನೆಯದೂ ಚೆನ್ನಾಗೇ ಬರುತ್ತದೆ.

ಕಬ್ಬಿಣದ ಕಾವಲಿಯನ್ನು ನಡು ಉರಿಯಲ್ಲಿ ಐದು ನಿಮಿಷ ಕಾಯಿಸಿ, ನಾಲ್ಕು ಹನಿ ನೀರು ಚಿಮುಕಿಸಿ, ಗಮನವಿಟ್ಟು ನೋಡಿ. ಹನಿ ಅಲ್ಲೇ ಹರಡಿ, ಗುಳ್ಳೆ ಬಂದು, ನಿಧಾನಕ್ಕೆ ಆರಿದರೆ ಕಾವು ಸಾಲದು. ದೋಸೆ ಅಂಟಿಕೊಳ್ಳುತ್ತದೆ. 'ಚುಂಯ್' ಎಂದು ಸದ್ದು ಮಾಡಿ ಕ್ಷಣದಲ್ಲಿ ಆರಿದರೆ ಹದ ಸರಿ ಇದೆ. ಹನಿ ಆರದೆ ಮುತ್ತಿನ ಹಾಗೆ ದುಂಡಗಾಗಿ ಅತ್ತಿತ್ತ ಓಡಿದರೆ ಕಾವು ಜಾಸ್ತಿಯಾಗಿದೆ. ಆಗ ಹನಿಯ ಕೆಳಗೆ ಹಬೆಯ ಒಂದು ತೆಳು ಹಾಸು ಹುಟ್ಟಿ, ಹನಿಯನ್ನು ಲೋಹಕ್ಕೆ ತಾಗದಂತೆ ಎತ್ತಿ ಹಿಡಿದಿರುತ್ತದೆ. ಜರ್ಮನಿಯ ವೈದ್ಯ ಲೈಡನ್‌ಫ್ರಾಸ್ಟ್ 1756ರಲ್ಲಿ ಇದನ್ನು ವಿವರವಾಗಿ ಬರೆದಿಟ್ಟಿದ್ದರು. ನಮ್ಮ ಅಜ್ಜಿಯರು ಅದನ್ನು ದಿನಾ ಬೆಳಿಗ್ಗೆ ನೋಡುತ್ತಿದ್ದರು.

ಅಷ್ಟು ಕಾದ ಕಾವಲಿಯ ಮೇಲೆ ಹಿಟ್ಟು ಹಾಕಿದರೆ ತಳ ತಕ್ಷಣ ಬೆಂದುಬಿಡುತ್ತದೆ. ಸೌಟು ತಿರುಗಿಸುವಾಗ ಹಿಟ್ಟು ಹರಡುವ ಬದಲು ಸೌಟಿಗೇ ಸುತ್ತಿಕೊಂಡು ಬರುತ್ತದೆ. ಉರಿ ಸಣ್ಣ ಮಾಡಿ, ಸ್ವಲ್ಪ ನೀರು ಚಿಮುಕಿಸಿ, ಎಣ್ಣೆ ಅದ್ದಿದ ಅರ್ಧ ಈರುಳ್ಳಿಯಿಂದ ಉಜ್ಜಿ. ಹಿಟ್ಟು ಹುಯ್ದು ಹರಡಿದ ಮೇಲೆ ಉರಿ ಏರಿಸಿ. ಪ್ರತಿ ದೋಸೆಗೂ ಇದೇ ಲಯ: ಹುಯ್ಯುವಾಗ ಸಣ್ಣ, ಬೇಯುವಾಗ ದೊಡ್ಡ.

ನಾನ್‌ಸ್ಟಿಕ್ ತವಾಕ್ಕೆ ಈ ಮುತ್ತಿನ ಪರೀಕ್ಷೆ ಮಾಡುವಷ್ಟು ಕಾಯಿಸಬೇಡಿ. ಖಾಲಿ ತವಾ ದೊಡ್ಡ ಉರಿಯಲ್ಲಿ ಮರೆತುಹೋದರೆ ಬೇಗ 260 ಡಿಗ್ರಿ ದಾಟಿ ಅದರ ಲೇಪನ ಹಾಳಾಗತೊಡಗುತ್ತದೆ, ಹೊಗೆಯೂ ಒಳ್ಳೆಯದಲ್ಲ.

ಕರಿಯುವುದಕ್ಕೂ ಒಂದು ಮಾತು. ಬಜ್ಜಿ, ವಡೆಗೆ ಎಣ್ಣೆ 170-180 ಇರಬೇಕು. ಚಿಟಿಕೆ ಹಿಟ್ಟು ಬಿಟ್ಟರೆ ಅದು ತಳಕ್ಕೆ ಹೋಗಿ ಒಂದೆರಡು ಕ್ಷಣದಲ್ಲಿ ಗುಳ್ಳೆಯ ಜೊತೆ ಮೇಲೆ ಬರಬೇಕು. ತಳದಲ್ಲೇ ಕೂತರೆ ಎಣ್ಣೆ ಕುಡಿಯುತ್ತದೆ. ಬಿದ್ದ ತಕ್ಷಣ ಕಂದಾದರೆ ಒಳಗೆ ಹಸಿ ಉಳಿಯುತ್ತದೆ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಮಾತ್ರ ಹಾಕಬೇಡಿ. ಗ್ಯಾಸ್ ಆರಿಸಿ, ಬಾಣಲೆಯ ಬಾಯಿ ಮುಚ್ಚುವಂಥ ಲೋಹದ ಮುಚ್ಚಳ ಜಾರಿಸಿ ಮುಚ್ಚಿ, ಪೂರ್ತಿ ಆರುವವರೆಗೆ ತೆಗೆಯಬೇಡಿ.

ಕುದಿ, ಕುಕ್ಕರ್, ಪಾಕ

ನೀರು ಒಮ್ಮೆ ಕುದಿಯತೊಡಗಿದ ಮೇಲೆ ಉರಿ ಎಷ್ಟು ಏರಿಸಿದರೂ ಅದರ ಬಿಸಿ ಏರುವುದಿಲ್ಲ. ಸುಮ್ನೆ ಹಬೆ ಜಾಸ್ತಿಯಾಗುತ್ತದೆ, ಗ್ಯಾಸ್ ಖರ್ಚಾಗುತ್ತದೆ. ಸಾರು ಕುದಿಯುತ್ತಿದ್ದರೆ ಉರಿ ಸಣ್ಣ ಮಾಡಿ. ಒಂದೆರಡು ಗುಳ್ಳೆ ಏಳುತ್ತಿದ್ದರೂ ಬೇಳೆ ಅಷ್ಟೇ ಬೇಗ ಬೇಯುತ್ತದೆ.

ಕುಕ್ಕರ್ ಒಳಗಿನ ಕಥೆ ಬೇರೆ. ಒತ್ತಡ ಏರಿದಾಗ ನೀರು 120ರ ಹತ್ತಿರದವರೆಗೂ ಏರುತ್ತದೆ, ಅದಕ್ಕೇ ಕಡಲೆ, ಹುರುಳಿ ಬೇಗ ಬೇಯುತ್ತವೆ. ಮೊದಲ ವಿಷಲ್ ಬಂತು ಅಂದರೆ ಒತ್ತಡ ತುಂಬಿದೆ ಎಂದರ್ಥ. ಅಲ್ಲಿಂದ ಉರಿ ಪೂರ್ತಿ ಸಣ್ಣ ಮಾಡಿ ನಿಮಿಷ ಎಣಿಸಿ. ವಿಷಲ್ ಎಣಿಕೆ ಒಲೆಯಿಂದ ಒಲೆಗೆ ಬದಲಾಗುತ್ತದೆ, ನಿಮಿಷ ಬದಲಾಗುವುದಿಲ್ಲ.

ಪಾಕ ಹಿಡಿಯುವುದೂ ಬಿಸಿಯ ಅಳತೆಯೇ. ನೀರು ಆವಿಯಾಗಿ ಸಕ್ಕರೆ ಗಟ್ಟಿಯಾದಂತೆ ಪಾಕದ ಕುದಿಯುವ ಬಿಸಿ ಏರುತ್ತಾ ಹೋಗುತ್ತದೆ. ಬೆರಳುಗಳ ನಡುವೆ ಒಂದೆಳೆ ಬರುವಾಗ 105ರ ಆಸುಪಾಸು. ತಣ್ಣೀರಿಗೆ ಬಿಟ್ಟರೆ ಮೆತ್ತನೆ ಉಂಡೆಯಾಗುವಾಗ 115ರ ಆಸುಪಾಸು, ಗಟ್ಟಿ ಉಂಡೆಯಾಗುವಾಗ 125ರ ಆಸುಪಾಸು. ಬೆಂಗಳೂರಿನಲ್ಲಿ ಈ ಅಂಕಿಗಳಿಂದ 3 ಡಿಗ್ರಿ ಕಳೆಯಿರಿ. ನಾನು ಇದನ್ನು ತಿಳಿಯದೆ ಥರ್ಮಾಮೀಟರ್ ನೋಡುತ್ತಾ ನಿಂತು ಒಂದು ಬಾಣಲೆ ಕೊಬ್ಬರಿ ಮಿಠಾಯಿಯನ್ನು ಕಲ್ಲು ಮಾಡಿದ್ದೆ.

ಉಳಿದ ಅನ್ನ

ಈ ಭಾಗವನ್ನು ದಯವಿಟ್ಟು ಹಾರಿಸಬೇಡಿ. ಒಂದು ಏಪ್ರಿಲ್‌ನಲ್ಲಿ ಮನೆಗೆ ನೆಂಟರು ಬಂದಿದ್ದರು. ರಾತ್ರಿ ಉಳಿದ ಅನ್ನ ದೊಡ್ಡ ಪಾತ್ರೆಯಲ್ಲೇ, ಮುಚ್ಚಳ ಮುಚ್ಚಿ, ಕಟ್ಟೆಯ ಮೇಲೇ ಇತ್ತು. ಬೆಳಿಗ್ಗೆ ವಾಸನೆ ನೋಡಿದೆ, ಚೆನ್ನಾಗೇ ಇತ್ತು. ಚಿತ್ರಾನ್ನ ಕಲಸಿದೆ. ಹನ್ನೊಂದು ಗಂಟೆಯ ಹೊತ್ತಿಗೆ ನಾಲ್ವರಿಗೆ ವಾಂತಿ. ಅದರಲ್ಲಿ ಇಬ್ಬರು ಮಕ್ಕಳು.

ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಇರಬಹುದು. ಅನ್ನ ಬೆಂದರೂ ಅವು ಸಾಯುವುದಿಲ್ಲ. ಅನ್ನ ಬೆಚ್ಚಗೆ ಗಂಟೆಗಟ್ಟಲೆ ಇದ್ದಾಗ ಮೊಳೆತು, ಬೆಳೆದು, ವಿಷ ಬಿಡುತ್ತವೆ. ಆ ವಿಷ ಒಗ್ಗರಣೆಯ ಬಿಸಿಗೂ ಹೋಗುವುದಿಲ್ಲ, ಮತ್ತೆ ಕುದಿಸಿದರೂ ಹೋಗುವುದಿಲ್ಲ. ವಾಸನೆ, ಬಣ್ಣ ಬದಲಾಗಲೇಬೇಕೆಂದೂ ಇಲ್ಲ. 5ರಿಂದ 60 ಡಿಗ್ರಿಯ ನಡುವೆ ಊಟ ಎಷ್ಟು ಹೊತ್ತು ಇರುತ್ತದೆ ಎಂಬುದೇ ಇಲ್ಲಿ ಮುಖ್ಯ.

ಹಾಗಾಗಿ ಊಟ ಮುಗಿದ ಕೂಡಲೇ ಉಳಿದ ಅನ್ನವನ್ನು ಅಗಲ ತಟ್ಟೆಯಲ್ಲಿ ಎರಡು ಬೆರಳಿನ ದಪ್ಪಕ್ಕೆ ಹರಡಿ, ಫ್ಯಾನ್ ಕೆಳಗಿಡಿ. ಹಬೆ ಹೋದ ಮೇಲೆ ಡಬ್ಬಕ್ಕೆ ಹಾಕಿ ಫ್ರಿಜ್‌ಗೆ. ಒಲೆ ಆರಿಸಿದ ಹೊತ್ತಿನಿಂದ ಎರಡು ಗಂಟೆಯೊಳಗೆ ಇದು ಮುಗಿಯಬೇಕು, ಸುಡು ಬೇಸಿಗೆಯಲ್ಲಿ ಒಂದು ಗಂಟೆಯೊಳಗೆ. ಹುಳಿ, ಸಾರು ಉಳಿದರೆ ಸಣ್ಣ ಪಾತ್ರೆಗಳಿಗೆ ಹಂಚಿ, ತಣ್ಣೀರಿನ ಬೇಸಿನ್‌ನಲ್ಲಿ ಕೂರಿಸಿ ಕಲಕುತ್ತಾ ಆರಿಸಿ. ಪೂರ್ತಿ ತಣ್ಣಗಾದ ಮೇಲೇ ಫ್ರಿಜ್‌ಗೆ ಇಡಬೇಕು ಎಂದು ರಾತ್ರಿಯೆಲ್ಲ ಹೊರಗೆ ಬಿಡುವುದು ಬೇಡ, ಸ್ವಲ್ಪ ಬೆಚ್ಚಗಿದ್ದರೂ ಪರವಾಗಿಲ್ಲ.

ಫ್ರಿಜ್ ಒಳಗೆ 4 ಡಿಗ್ರಿ ಇದೆಯಾ ಅಂತ ಒಮ್ಮೆ ನೋಡಿ. ಒಂದು ಲೋಟ ನೀರು ರಾತ್ರಿಯಿಡೀ ಒಳಗಿಟ್ಟು, ಬೆಳಿಗ್ಗೆ ಅದರಲ್ಲಿ ಕಡ್ಡಿ ಇಟ್ಟರೆ ಗೊತ್ತಾಗುತ್ತದೆ. ಅನ್ನವನ್ನು ಮರುದಿನದೊಳಗೆ ಮುಗಿಸಿ. ಬಿಸಿ ಮಾಡುವಾಗ ನಡುವೆಯೂ ಹಬೆ ಬರುವಂತೆ 75 ದಾಟಿಸಿ, ಒಂದೇ ಸಲ ಮಾಡಿ. ರಾತ್ರಿಯಿಡೀ ಹೊರಗಿದ್ದ ಅನ್ನ ಎಷ್ಟೇ ಇರಲಿ, ಚೆಲ್ಲಿಬಿಡಿ. ಅನ್ನ ಚೆಲ್ಲುವುದಕ್ಕೆ ಹೊಟ್ಟೆ ಉರಿಯುತ್ತದೆ, ನನಗೂ ಉರಿಯುತ್ತದೆ. ಆದರೆ ಅವತ್ತು ಆ ಮಕ್ಕಳ ಮುಖ ನೋಡಿದವಳು ನಾನು.

ಸ್ನಾನದ ನೀರು

ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹಂಡೆ ಬೆಳಗಿ ನೀರು ಕಾಯಿಸುತ್ತಿದ್ದ ಬಚ್ಚಲೊಲೆಯ ಜಾಗಕ್ಕೆ ಗೀಸರ್ ಬಂದಿದೆ. ಸುಲಭವಾಗಿದೆ, ಆದರೆ ಅದರಲ್ಲಿ ಎಷ್ಟು ಬಿಸಿಯಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. 60 ಡಿಗ್ರಿಯ ನೀರು ದೊಡ್ಡವರ ಚರ್ಮವನ್ನೇ ಕೆಲವೇ ಸೆಕೆಂಡಿನಲ್ಲಿ ಸುಡುತ್ತದೆ. ಮಕ್ಕಳ, ವಯಸ್ಸಾದವರ ಚರ್ಮ ತೆಳು, ಇನ್ನೂ ಬೇಗ.

ಲೆಕ್ಕ ಹೀಗಿದೆ. 15 ಲೀಟರಿನ, 3 ಕಿಲೋವ್ಯಾಟ್ ಗೀಸರ್ 25 ಡಿಗ್ರಿಯ ನೀರನ್ನು 60ಕ್ಕೆ ತರಲು ಹನ್ನೆರಡು ಹದಿಮೂರು ನಿಮಿಷ ತೆಗೆದುಕೊಳ್ಳುತ್ತದೆ, ಮುಕ್ಕಾಲು ಯೂನಿಟ್‌ಗಿಂತ ಕಡಿಮೆ ಕರೆಂಟ್. 20 ಲೀಟರಿನ ಒಂದು ಬಕೆಟ್ 40 ಡಿಗ್ರಿಗೆ ಬರಲು ಅದರಿಂದ ಎಂಟೊಂಬತ್ತು ಲೀಟರ್ ಸಾಕು. ಅಂದರೆ ಅರ್ಧ ಗಂಟೆ ಮೊದಲೇ ಹಚ್ಚಿಡುವುದರಲ್ಲಿ ಅರ್ಥವಿಲ್ಲ.

ಬಕೆಟ್‌ಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. ಈ ಕ್ರಮ ತಪ್ಪಿಸಬೇಡಿ. ಬರೀ ಬಿಸಿನೀರಿನ ಬಕೆಟ್ ಬಚ್ಚಲಿನಲ್ಲಿದ್ದ ಆ ಎರಡು ನಿಮಿಷದಲ್ಲೇ ಮಗು ಕೈ ಹಾಕುತ್ತದೆ. ಬೆರೆಸಿದ ಮೇಲೆ ತಳದವರೆಗೂ ಕಲಕಿ, ಮೊಣಕೈ ಇಟ್ಟು ನೋಡಿ. ಕೆಲಸ ಮಾಡಿ ಗಟ್ಟಿಯಾದ ಅಂಗೈಗಿಂತ ಮೊಣಕೈ ಸರಿಯಾಗಿ ಹೇಳುತ್ತದೆ.

ಅಕಸ್ಮಾತ್ ಸುಟ್ಟರೆ ತಕ್ಷಣ ನಲ್ಲಿಯ ಹರಿಯುವ ನೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಿರಿ. ಇಪ್ಪತ್ತು ನಿಮಿಷ ಬಹಳ ಉದ್ದ ಅನ್ನಿಸುತ್ತದೆ, ಆದರೂ ಹಿಡಿಯಿರಿ. ಬಳೆ, ಉಂಗುರ ಇದ್ದರೆ ಊದಿಕೊಳ್ಳುವ ಮುಂಚೆ ತೆಗೆಯಿರಿ. ಐಸ್, ಟೂತ್‌ಪೇಸ್ಟ್, ಅರಿಶಿನ, ಇಂಕು, ಯಾವುದೂ ಬೇಡ. ಬೊಬ್ಬೆ ಒಡೆಯಬೇಡಿ. ಸುಟ್ಟ ಜಾಗ ಗಾಯಾಳುವಿನ ಅಂಗೈಗಿಂತ ದೊಡ್ಡದಿದ್ದರೆ, ಮುಖ, ಕೈ ಅಥವಾ ಕೀಲಿನ ಮೇಲಿದ್ದರೆ, ಚಿಕ್ಕ ಮಗುವಾದರೆ, ಸ್ವಚ್ಛ ಬಟ್ಟೆ ಹೊದಿಸಿ ಆಸ್ಪತ್ರೆಗೆ ಹೋಗಿ.

ಕೊನೆಗೆ ಮಡಕೆಯ ನೀರು

ಮಡಕೆಯ ಸಣ್ಣ ರಂಧ್ರಗಳಿಂದ ನೀರು ಜಿನುಗಿ ಆವಿಯಾಗುತ್ತದೆ. ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಹೊತ್ತೊಯ್ಯುತ್ತದೆ. ಅದಕ್ಕೇ ಒಣಗಾಳಿಯ ಕಲಬುರಗಿ, ರಾಯಚೂರಿನಲ್ಲಿ ಮಡಕೆಯ ನೀರು ಹಲ್ಲು ಜುಮ್ಮೆನ್ನುವಷ್ಟು ತಂಪು. ಗಾಳಿಯಲ್ಲೇ ತೇವ ತುಂಬಿರುವ ಮಂಗಳೂರಿನಲ್ಲಿ ಅದೇ ಮಡಕೆ ಅಷ್ಟು ತಂಪು ಕೊಡುವುದಿಲ್ಲ. ಏರ್ ಕೂಲರಿಗೂ ಇದೇ ಮಾತು, ಅದನ್ನು ಹಚ್ಚಿದಾಗ ಕಿಟಕಿ ಸ್ವಲ್ಪ ತೆರೆದಿಡಬೇಕು, ಇಲ್ಲದಿದ್ದರೆ ಕೋಣೆ ಬರೀ ಸೆಕೆ.

ಹೊಸ ಮಡಕೆಯನ್ನು ಒಂದು ದಿನ ನೀರಿನಲ್ಲಿ ಮುಳುಗಿಸಿಡಿ. ಆಮೇಲೆ ನೆರಳಿನಲ್ಲಿ, ಗಾಳಿ ಆಡುವ ಕಡೆ, ಒದ್ದೆ ಮರಳಿನ ಮೇಲೆ ಕೂರಿಸಿ. ಮೇಲೆ ಒದ್ದೆ ಬಟ್ಟೆ ಸುತ್ತಿದರೆ ಇನ್ನೂ ತಂಪು. ಪೇಂಟ್ ಬಳಿದ ಮಡಕೆ ತರಬೇಡಿ, ರಂಧ್ರ ಮುಚ್ಚಿಹೋಗಿರುತ್ತದೆ. ತೊಳೆಯುವಾಗ ಸೋಪು ಹಾಕಬೇಡಿ, ಮಣ್ಣು ಅದನ್ನು ಹೀರಿಕೊಳ್ಳುತ್ತದೆ. ತೆಂಗಿನ ನಾರಿನಿಂದ ಉಜ್ಜಿ, ಬಿಸಿಲಿನಲ್ಲಿ ಒಣಗಿಸಿ, ಮತ್ತೆ ತುಂಬಿಸಿ.